ಸೊಪ್ಪಿಗೂ ಗ್ರೇಡು, ಮನುಷ್ಯರಿಗೂ ಗ್ರೇಡು: ಅಮೆರಿಕನ್ ಬಾಸ್, ಬ್ರಿಟಿಷ್ ಬಾಸ್ ಮತ್ತು ನಾವು

(ಈ ಸಂಚಿಕೆಯ ಬರಹ ರೂಪ)

ನಾನು ಬೀಚನಹಳ್ಳಿ ಕಡೆಯವನು. ಹೊರಗಿನವರಿಗೆ ಬೀಚನಹಳ್ಳಿ ಅಂದ್ರೆ ಕಬಿನಿ ಡ್ಯಾಮು, ಸಫಾರಿ, ಆನೆ. ನಮಗೆ ಮಾತ್ರ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಈ ನಾಲ್ಕೂ ತಾಲ್ಲೂಕು ಅಂದ್ರೆ ಮೊದಲು ನೆನಪಾಗೋದು ಹೊಗೆಸೊಪ್ಪು. ಅದನ್ನ ಹದ ಮಾಡೋ ಬ್ಯಾರನ್, ಮತ್ತೆ ಹರಾಜು ಮಾರುಕಟ್ಟೆ.

ಇವತ್ತಿನ ಪ್ರಶ್ನೆ ಇದು. ಅಮೆರಿಕದ ಕಂಪನಿಯಲ್ಲಿ ಕೆಲಸ ಮಾಡೋದಕ್ಕೂ ಬ್ರಿಟನ್ ಕಂಪನಿಯಲ್ಲಿ ಕೆಲಸ ಮಾಡೋದಕ್ಕೂ ಏನು ವ್ಯತ್ಯಾಸ? ಬೆಂಗಳೂರಲ್ಲಿ ಇರೋ ನಮ್ಮ ಹುಡುಗ ಹುಡುಗೀರು ಇದನ್ನ ದಿನಾ ಮಾತಾಡ್ತಾರೆ. ಒಬ್ಬನ ಮ್ಯಾನೇಜರು ಟೆಕ್ಸಸ್‌ನಲ್ಲಿ, ಇನ್ನೊಬ್ಬಳ ಮ್ಯಾನೇಜರು ಲಂಡನ್ನಲ್ಲಿ. ಇದೆಲ್ಲ ಐಟಿ ಬಂದ ಮೇಲೆ ಶುರುವಾದ ಕಥೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ನಾನು ಹೇಳೋದೇನಂದ್ರೆ, ಈ ಎರಡು ರೀತಿಯ ಯಜಮಾನಿಕೆಗಳು ನಮ್ಮ ನೆಲಕ್ಕೆ ಕಾಲಿಟ್ಟು ನೂರು ವರ್ಷದ ಮೇಲಾಯ್ತು. ಒಂದು ವರ್ಷ ನೆನಪಿಟ್ಕೊಳ್ಳಿ: 1902. ಆ ಒಂದೇ ವರ್ಷದಲ್ಲಿ ಎರಡು ಘಟನೆ ನಡೆದವು. ಒಂದು ನಡೆದಿದ್ದು ಸಾವಿರಾರು ಮೈಲಿ ದೂರದಲ್ಲಿ, ನಮ್ಮ ಹೊಲಕ್ಕೆ ಬಂದು ಮುಟ್ಟಿತು. ಇನ್ನೊಂದು ನಡೆದಿದ್ದು ನಮ್ಮ ಹೊಳೆಯ ಕೆಳದಂಡೆಯಲ್ಲಿ, ಅದರ ಕೊಂಡಿ ಅಮೆರಿಕದಲ್ಲಿ.

ಮೊದಲು ಹೊಗೆಸೊಪ್ಪಿನ ಕಥೆ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೇಮ್ಸ್ ಡ್ಯೂಕ್ ಅನ್ನೋ ವ್ಯಾಪಾರಿ. 1880ರ ದಶಕದವರೆಗೆ ಸಿಗರೇಟನ್ನ ಕೈಯಲ್ಲೇ ಸುತ್ತಬೇಕಿತ್ತು. ನುರಿತ ಕೆಲಸಗಾರ ಇಡೀ ದಿನ ಕೂತರೂ ಎರಡು ಮೂರು ಸಾವಿರ ಸುತ್ತಿದರೆ ಹೆಚ್ಚು. ಜೇಮ್ಸ್ ಬಾನ್ಸಾಕ್ ಅನ್ನೋ ಯುವಕ ಒಂದು ಯಂತ್ರ ಮಾಡಿದ. ಅದು ದಿನಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತುತ್ತಿತ್ತು. ಡ್ಯೂಕ್ ಅದನ್ನ ಹಾಕ್ಕೊಂಡ, ಬೆಲೆ ಇಳಿಸಿದ, ಎದುರಾಳಿಗಳನ್ನ ಒಬ್ಬೊಬ್ಬರನ್ನೇ ಕೊಂಡ. ಕೊಂಡ ಮೇಲೆ ಎಷ್ಟೋ ಕಾರ್ಖಾನೆ ಮುಚ್ಚಿದ, ಲೆಕ್ಕವನ್ನೆಲ್ಲ ನ್ಯೂಯಾರ್ಕಿನ ಒಂದೇ ಕಚೇರಿಗೆ ತರಿಸಿದ. ಯಾವ ಊರಲ್ಲಿ ಎಷ್ಟು ಖರ್ಚು, ಎಷ್ಟು ಮಾಲು, ಎಲ್ಲ ಮೇಲಿನವರ ಮೇಜಿನ ಮೇಲೆ ಇರಬೇಕು. ಇವತ್ತು ನಾವು ಡ್ಯಾಶ್‌ಬೋರ್ಡ್ ಅಂತೀವಲ್ಲ, ಅದರ ತಾತ ಇದು.

ಈಗ ಬ್ರಿಟನ್. ಬ್ರಿಸ್ಟಲ್ ಊರಿನ ವಿಲ್ಸ್ ಕುಟುಂಬ. ಇವರೂ 1883ರಲ್ಲೇ ಅದೇ ಬಾನ್ಸಾಕ್ ಯಂತ್ರದ ಹಕ್ಕು ಕೊಂಡಿದ್ರು. ಯಂತ್ರ ಒಂದೇ, ಸೊಪ್ಪೂ ಹೆಚ್ಚುಕಮ್ಮಿ ಒಂದೇ. ಆದ್ರೆ ಯಜಮಾನಿಕೆ ಬೇರೆ. ವಿಲ್ಸ್ ಅಂದ್ರೆ ಮನೆತನದ ವ್ಯವಹಾರ. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ಕೆಲಸಗಾರರಿಗೆ ಕ್ಯಾಂಟೀನು, ವೈದ್ಯರು, ಸಂಬಳದ ರಜೆ ಕೊಡೋದರಲ್ಲಿ ಹೆಸರು ಮಾಡಿದ್ದ ಕಂಪನಿ ಅದು. ನಮ್ಮ ಕಡೆ ಹಳೇ ಪಟೇಲರ ಮನೆ ಇದ್ದ ಹಾಗೆ ಅಂದ್ಕೊಳ್ಳಿ: ಕಷ್ಟಕ್ಕೆ ಆಗ್ತಾರೆ, ಆದ್ರೆ ಎದುರು ಕೂರೋ ಹಾಗಿಲ್ಲ.

1901ರಲ್ಲಿ ಡ್ಯೂಕ್ ನೇರ ಇಂಗ್ಲೆಂಡಿಗೇ ಬಂದು ಲಿವರ್‌ಪೂಲಿನ ಆಗ್ಡನ್ ಕಂಪನಿ ಕೊಂಡುಬಿಟ್ಟ. ಗಾಬರಿಯಾದ 13 ಬ್ರಿಟಿಷ್ ಮನೆತನದ ಕಂಪನಿಗಳು ಒಟ್ಟಾಗಿ ಇಂಪೀರಿಯಲ್ ಟೊಬ್ಯಾಕೊ ಅಂತ ಮಾಡಿಕೊಂಡವು. ಇಲ್ಲಿ ಗಮನಿಸಿ. ಡ್ಯೂಕ್ ಕೊಂಡದ್ದನ್ನೆಲ್ಲ ಕರಗಿಸಿ ಒಂದು ಮಾಡ್ತಿದ್ದ. ಬ್ರಿಟಿಷರು ಒಟ್ಟಾದರೂ ತಮ್ಮ ತಮ್ಮ ಹೆಸರು, ಕಾರ್ಖಾನೆ, ಗತ್ತು ಬಿಡಲಿಲ್ಲ. ಒಂದೇ ಕಂಪನಿಯೊಳಗೆ ವಿಲ್ಸ್ ಬೇರೆ, ಪ್ಲೇಯರ್ಸ್ ಬೇರೆ, ಒಬ್ಬರಿಗೊಬ್ಬರು ಪೈಪೋಟಿ ಬೇರೆ. ಕೂಡು ಕುಟುಂಬದಲ್ಲಿ ಒಲೆ ಮಾತ್ರ ಬೇರೆ ಬೇರೆ ಇಟ್ಕೊಂಡ ಹಾಗೆ.

ಸುಮಾರು ಒಂದು ವರ್ಷ ಹೊಡೆದಾಡಿ, 1902ರ ಸೆಪ್ಟೆಂಬರ್‌ನಲ್ಲಿ ರಾಜಿಯಾದ್ರು. ಅಮೆರಿಕ ನಿನಗೆ, ಬ್ರಿಟನ್ ನಮಗೆ, ಉಳಿದ ಪ್ರಪಂಚಕ್ಕೆ ಇಬ್ಬರೂ ಸೇರಿ ಒಂದು ಕಂಪನಿ. ಅದರ ಹೆಸರು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ಮೂರರಲ್ಲಿ ಎರಡು ಪಾಲು ಅಮೆರಿಕದವರದ್ದು, ಒಂದು ಪಾಲು ಇಂಪೀರಿಯಲ್‌ದು, ಮುಖ್ಯ ಕಚೇರಿ ಲಂಡನ್ನಲ್ಲಿ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡ್ಯೂಕನ ಏಕಸ್ವಾಮ್ಯ ಒಡೆದ ಮೇಲೆ ನಿಧಾನವಾಗಿ ಹಿಡಿತ ಬ್ರಿಟಿಷರ ಕಡೆ ಜಾರಿತು.

ಈ ಒಂದೇ ಕಂಪನಿ ಎರಡು ದೇಶದಲ್ಲಿ ಎರಡು ಥರ ನಡ್ಕೊಳ್ತು. ಚೀನಾದಲ್ಲಿ ಅಮೆರಿಕನ್ ಶೈಲಿ. ನಾರ್ತ್ ಕೆರೊಲಿನಾ, ವರ್ಜೀನಿಯಾದ ರೈತರ ಮನೆ ಹುಡುಗರನ್ನ, ಸೊಪ್ಪಿನ ವಾಸನೆ ಗೊತ್ತಿರೋರನ್ನ ಕಳಿಸಿದ್ರು. ಚೀನೀ ಭಾಷೆ ಕಲಿತರೆ ಬೋನಸ್ ಅಂದ್ರು. ಅವರು ಹಳ್ಳಿ ಹಳ್ಳಿಗೆ ಹೋಗಿ ಬೀಜ ಹಂಚಿದ್ರು, ಮಾಲು ಮಾರಿದ್ರು. ಭಾರತದಲ್ಲಿ ಬ್ರಿಟಿಷ್ ಶೈಲಿ. 1910ರಲ್ಲಿ ಕಲ್ಕತ್ತಾದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ, ಅಂದ್ರೆ ಇವತ್ತಿನ ಐಟಿಸಿ, ಶುರುವಾಯ್ತು. 1912ರಲ್ಲಿ ಸೊಪ್ಪು ಬೆಳೆಸಿ ಕೊಳ್ಳೋಕೆ ಅದರದ್ದೇ ಇನ್ನೊಂದು ಕಂಪನಿ. ಕಲ್ಕತ್ತಾದ ಇಂಥ ಬ್ರಿಟಿಷ್ ಕಂಪನಿಗಳಲ್ಲಿ ಸಾಹೇಬರ ದರ್ಜೆ ಬೇರೆ, ಗುಮಾಸ್ತರ ದರ್ಜೆ ಬೇರೆ. ಊಟದ ಜಾಗ ಬೇರೆ, ಕ್ಲಬ್ಬು ಬೇರೆ. ಆ ಕಂಪನಿಗೆ ಮೊದಲ ಭಾರತೀಯ ಅಧ್ಯಕ್ಷರಾಗಿ ಅಜಿತ್ ನಾರಾಯಣ ಹಕ್ಸರ್ ಬಂದದ್ದು 1969ರಲ್ಲಿ. ಲೆಕ್ಕ ಹಾಕಿ, 59 ವರ್ಷ!

ಹಾಗಂತ ಅಮೆರಿಕದವರು ಸಮಾನತೆಯ ದೇವರುಗಳು ಅಂತ ತಿಳ್ಕೋಬೇಡಿ. ಅದೇ ನಾರ್ತ್ ಕೆರೊಲಿನಾದ ಕಾರ್ಖಾನೆಗಳಲ್ಲಿ ಸಿಗರೇಟು ಯಂತ್ರದ ಹತ್ತಿರದ ಕೆಲಸ ಬಿಳಿಯರಿಗೆ. ಧೂಳು ಕುಡಿದುಕೊಂಡು ಎಲೆಯ ದಂಟು ಬಿಡಿಸೋ ಕೆಲಸ ಕರಿಯ ಹೆಂಗಸರಿಗೆ, ಸಂಬಳವೂ ಕಡಿಮೆ. ಮಾತಲ್ಲಿ ಸಲಿಗೆ ಇದ್ದ ಮಾತ್ರಕ್ಕೆ ಕೂಲಿಯಲ್ಲಿ ನ್ಯಾಯ ಇರುತ್ತೆ ಅಂತಿಲ್ಲ. ಇದನ್ನ ಇವತ್ತಿಗೂ ನೆನಪಿಟ್ಕೊಳ್ಳೋದು ಒಳ್ಳೇದು.

ಆ ವರ್ಜೀನಿಯಾ ಜಾತಿಯ ಸೊಪ್ಪೇ ಕೊನೆಗೆ ನಮ್ಮ ಕೆಂಪು ಮಣ್ಣಿಗೂ ಬಂತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೇ ಇದೆ. ಬ್ಯಾರನ್ ಅನ್ನೋ ಪದ ನೋಡಿ, ಇಂಗ್ಲಿಷಿನ ‘ಬಾರ್ನ್’ ನಮ್ಮ ಬಾಯಲ್ಲಿ ಹಾಗಾಗಿದೆ. ಆ ಕಟ್ಟಡದೊಳಗೆ ಸೊಪ್ಪು ನೇತು ಹಾಕಿ, ಕೊಳವೆಯಲ್ಲಿ ಬಿಸಿಗಾಳಿ ಹರಿಸಿ ಬಂಗಾರದ ಬಣ್ಣ ಬರಿಸ್ತಾರೆ. ಆಮೇಲೆ ಬರುತ್ತೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ, ಗ್ರೇಡು. ಯಾವ ಎಲೆ ಉತ್ತಮ, ಯಾವುದು ಮಧ್ಯಮ, ಯಾವುದು ಕಡಿಮೆ ದರ್ಜೆ. ರೈತನ ವರ್ಷದ ದುಡಿಮೆ, ಕೈಸಾಲ, ಮಗಳ ಕಾಲೇಜು ಫೀಸು, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿರುತ್ತೆ.

ಬಹಳ ಕಾಲ ಆ ಮಾತು ಕೊಳ್ಳೋನ ಕೈಯಲ್ಲೇ ಇತ್ತು. ಕಂಪನಿಯೋ ವ್ಯಾಪಾರಿಯೋ ಹೇಳಿದ್ದೇ ದರ್ಜೆ, ಕೊಟ್ಟಿದ್ದೇ ಬೆಲೆ. 1975ರಲ್ಲಿ ತಂಬಾಕು ಮಂಡಳಿ ಕಾಯ್ದೆ ಬಂತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯ್ತು. ಹರಾಜು ಕಟ್ಟೆಯಲ್ಲಿ ಬೇಲು ಬಹಿರಂಗವಾಗಿ ಇರುತ್ತೆ, ಒಬ್ಬರಿಗಿಂತ ಹೆಚ್ಚು ಜನ ಬೆಲೆ ಕಟ್ತಾರೆ, ರೈತ ಪಕ್ಕದಲ್ಲೇ ನಿಂತಿರ್ತಾನೆ. ಬೆಲೆ ಒಪ್ಪಿಗೆಯಾಗದಿದ್ರೆ ಬೇಡ ಅನ್ನಬಹುದು. ಎಲ್ಲ ಸರಿ ಹೋಯ್ತು ಅಂತ ಅಲ್ಲ. ದರ ಕುಸಿದಾಗ ಕಟ್ಟೆಯಲ್ಲಿ ಗಲಾಟೆ ಆಗೋದನ್ನ, ಹರಾಜು ನಿಲ್ಲೋದನ್ನ ನೀವೂ ನ್ಯೂಸಲ್ಲಿ ನೋಡಿರ್ತೀರ. ಸೊಪ್ಪು ಆರೋಗ್ಯಕ್ಕೆ ಮಾಡೋ ಹಾನಿ, ಬ್ಯಾರನ್ನಿಗೆ ಸುಡೋ ಸೌದೆ, ಅದೆಲ್ಲ ಬೇರೆಯೇ ಸಂಚಿಕೆಗೆ ಆಗುವಷ್ಟಿದೆ. ಆದ್ರೆ ಒಂದು ಬದಲಾವಣೆ ನಿಜ: ಗ್ರೇಡು ಹೇಳೋ ಜಾಗದಲ್ಲಿ ಬೆಳೆದವನೂ ಇದ್ದಾನೆ.

ಈ ಮಾತನ್ನ ಜೇಬಲ್ಲಿ ಇಟ್ಕೊಳ್ಳಿ. ಈಗ 1902ರ ಎರಡನೇ ಕಥೆಗೆ ಹೋಗೋಣ.

ನಮ್ಮ ಕಬಿನಿ ಬೀಚನಹಳ್ಳಿ ದಾಟಿ, ನಂಜನಗೂಡು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರ್ತಾಳೆ. ಅಲ್ಲಿಂದ ತಲಕಾಡು, ಆಮೇಲೆ ಶಿವನಸಮುದ್ರದ ಜಲಪಾತ. ನಮ್ಮ ಡ್ಯಾಮು ಆದದ್ದು 1974ರಲ್ಲಿ. ಅದಕ್ಕಿಂತ 70 ವರ್ಷ ಮೊದಲೇ ಈ ನೀರು ಶಿವನಸಮುದ್ರದಲ್ಲಿ ಕರೆಂಟು ಮಾಡ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಕೆಲಸ ನೋಡ್ಕೊಂಡವರು ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೆರ್. ಕೆನಡಾದಲ್ಲಿ ಹುಟ್ಟಿ ಬ್ರಿಟಿಷ್ ಸೈನ್ಯದ ಎಂಜಿನಿಯರ್ ಆದವರು. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು.

ಸ್ವಾರಸ್ಯ ಏನಂದ್ರೆ, ಕರೆಂಟು ಕೊಳ್ಳೋರು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್, ಹೆಸರಲ್ಲೇ ‘ಮಕ್ಕಳು’ ಇರೋ ಪಕ್ಕಾ ಬ್ರಿಟಿಷ್ ಮನೆತನದ ಕಂಪನಿ. ವಿದ್ಯುತ್ ಯಂತ್ರ ಕೊಟ್ಟೋರು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದ್ರೆ ಜಿಇ. ನೀರಿನ ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದ್ದು. ಬ್ರಿಟಿಷ್ ಸಾಮ್ರಾಜ್ಯದ ನಡುವೆ ಈ ಕೆಲಸ ಅಮೆರಿಕದವರಿಗೆ ಯಾಕೆ ಸಿಕ್ತು? ಇಲ್ಲಿದೆ ಕೆಲಸದ ಸಂಸ್ಕೃತಿಯ ವ್ಯತ್ಯಾಸ.

ಆಗಿನ ಬ್ರಿಟನ್ನಿನಲ್ಲಿ ಒಂದು ವಿದ್ಯುತ್ ಕೇಂದ್ರ ಬೇಕು ಅಂದ್ರೆ ಮೊದಲು ಸಲಹೆಗಾರ ಎಂಜಿನಿಯರ್ ಹತ್ರ ಹೋಗಬೇಕು. ಆತ ಸ್ವತಂತ್ರ, ದೊಡ್ಡ ಮನುಷ್ಯ. ತನ್ನ ಅಭಿರುಚಿಗೆ ತಕ್ಕ ಹಾಗೆ ವಿನ್ಯಾಸ ಬರೀತಾನೆ, ಕಾರ್ಖಾನೆಯವರು ಅದರಂತೆ ಮಾಡಿಕೊಡ್ತಾರೆ. ದರ್ಜಿ ಹತ್ರ ಅಳತೆ ಕೊಟ್ಟು ಬಟ್ಟೆ ಹೊಲಿಸಿದ ಹಾಗೆ. ಕೆಲಸ ಚೆನ್ನಾಗಿರುತ್ತೆ, ಆದ್ರೆ ಒಂದು ಕೇಂದ್ರದ ಥರ ಇನ್ನೊಂದು ಇರಲ್ಲ. ಅಮೆರಿಕದಲ್ಲಿ ಜಿಇ ಥರದ ಕಂಪನಿಯೇ ವಿನ್ಯಾಸ, ಯಂತ್ರ, ಜೋಡಿಸೋ ಎಂಜಿನಿಯರು, ಎಲ್ಲ ಒಟ್ಟಿಗೆ ಕೊಡ್ತಿತ್ತು. ಸಿದ್ಧ ಉಡುಪಿನ ಅಂಗಡಿ. 1896ರಲ್ಲೇ ನಯಾಗರಾದಿಂದ ಬಫಲೋ ನಗರಕ್ಕೆ ಕರೆಂಟು ಹರಿದಿತ್ತು. ದೂರಕ್ಕೆ ಕರೆಂಟು ಸಾಗಿಸೋ ಅನುಭವ ಅವರ ಹತ್ರ ಜಾಸ್ತಿ. ನಯಾಗರಾದಲ್ಲಿ ಬಳಸಿದ 25 ಸೈಕಲ್ ಪದ್ಧತಿಯೇ ಶಿವನಸಮುದ್ರಕ್ಕೂ ಬಂತು. ಅಮೆರಿಕದ ಎಂಜಿನಿಯರ್ ಎಚ್.ಪಿ. ಗಿಬ್ಸ್ ಮುಂದೆ ಮೈಸೂರು ಸರ್ಕಾರದ ಮುಖ್ಯ ವಿದ್ಯುತ್ ಎಂಜಿನಿಯರೇ ಆದರು.

ತಂತಿಯ ಆ ತುದಿಯಲ್ಲಿ, ಕೆಜಿಎಫ್‌ನಲ್ಲಿ, ಬ್ರಿಟಿಷ್ ದರ್ಜೆಯ ಲೋಕ. ಮೇಲೆ ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬು. ನಡುವೆ ಆಂಗ್ಲೋ ಇಂಡಿಯನ್ ಮೇಲ್ವಿಚಾರಕರು. ಕೆಳಗೆ ಗುಡಿಸಲಿನ ಸಾಲುಗಳಲ್ಲಿ, ಹೆಚ್ಚಾಗಿ ತಮಿಳು ನಾಡಿನಿಂದ ಬಂದ ದಲಿತ ಕಾರ್ಮಿಕರು. ಯಾರು ಎಲ್ಲಿ ಕೂರಬೇಕು ಅನ್ನೋದು ಬರೆಯದೇ ಇದ್ದ ಕಾನೂನು. ಕಾರ್ಮಿಕರು ಬೆರಳಚ್ಚು ಕೊಡಬೇಕು ಅಂತ ಹೊರಟಾಗ 1930ರಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದ್ರು. ಕಳ್ಳರ ಹಾಗೆ ನಮ್ಮ ಗುರುತು ತಗೋತೀರಾ ಅನ್ನೋದು ಅವರ ಸಿಟ್ಟು. ಇವತ್ತು ಆಫೀಸಿನ ಬಾಗಿಲಲ್ಲಿ ಬೆರಳು ಒತ್ತಿ ಒಳಗೆ ಹೋಗೋವಾಗ ಒಂದ್ಸಲ ಅವರನ್ನ ನೆನೆಸಿಕೊಳ್ಳಿ.

ಇನ್ನೊಂದು ಮಾತು. ಆ ಕರೆಂಟು ಮೊದಲು ಹೋದದ್ದು ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ತಂತಿ ಹಾದು ಹೋದ ಹಳ್ಳಿಗಳು ಬುಡ್ಡಿ ದೀಪದಲ್ಲೇ ಇದ್ದವು. ಅಮೆರಿಕದವರ ವೇಗ, ಬ್ರಿಟಿಷರ ಶಿಸ್ತು, ಎರಡೂ ಸೇರಿದ್ರೂ ಯಾರಿಗೆ ಮೊದಲು ಅನ್ನೋ ಪ್ರಶ್ನೆಗೆ ಉತ್ತರ ಬದಲಾಗಲಿಲ್ಲ.

ಈಗ ಅದೇ ಜಿಇ ಬೆಂಗಳೂರಿಗೆ ವಾಪಸ್ ಬಂದ ಕಥೆ. 2000ನೇ ಇಸವಿಯಲ್ಲಿ ವೈಟ್‌ಫೀಲ್ಡ್‌ನಲ್ಲಿ ಜಿಇ ದೊಡ್ಡ ಸಂಶೋಧನಾ ಕೇಂದ್ರ ತೆರೆಯಿತು. ಅದಕ್ಕೆ ಹೆಸರಿಟ್ಟದ್ದು ಜಾನ್ ಎಫ್. ವೆಲ್ಚ್ ಅವರದ್ದು. ಜಾಕ್ ವೆಲ್ಚ್ ಅಂತ ಜನ ಕರೆಯೋದು. 1981ರಿಂದ 2001ರವರೆಗೆ ಜಿಇ ಮುಖ್ಯಸ್ಥ. ಉದ್ಯೋಗಿಗಳನ್ನ ಮೂರು ರಾಶಿ ಮಾಡಿ ಅಂದವರು ಇವರೇ: ಮೇಲಿನ 20, ನಡುವಿನ 70, ಕೆಳಗಿನ 10. ಆ ಕೆಳಗಿನ 10 ಮಂದಿಗೆ ಬಾಗಿಲು ತೋರಿಸಿ. ಬೆಲ್ ಕರ್ವ್ ಅಂತ ನೀವು ಬೈಕೊಳ್ಳೋ ಅಪ್ರೈಸಲ್ ಪದ್ಧತಿ ಜಗತ್ತಿನ ತುಂಬ ಹರಡಿದ್ದರಲ್ಲಿ ಇವರ ಪಾಲು ದೊಡ್ಡದು. ಮೈಕ್ರೋಸಾಫ್ಟ್ ಇಂಥದ್ದೇ ಪದ್ಧತಿಯನ್ನ 2013ರಲ್ಲಿ ಕೈಬಿಟ್ಟಿತು, ಜಿಇ ಕೂಡ ಆಮೇಲೆ ಬದಲಾಯಿಸಿತು. ಆದ್ರೆ ಅಭ್ಯಾಸ ಅಷ್ಟು ಬೇಗ ಹೋಗಲ್ಲ.

ನನಗೆ ಇದನ್ನ ಓದಿದಾಗ ತಟ್ಟನೆ ಹೊಳೆದದ್ದು ನಮ್ಮ ಹರಾಜು ಕಟ್ಟೆ. ಅಪ್ಪನ ಸೊಪ್ಪಿಗೆ ಕಂಪಲಾಪುರದಲ್ಲಿ ಗ್ರೇಡು, ಮಗನಿಗೆ ಬೆಂಗಳೂರಲ್ಲಿ ಗ್ರೇಡು. ಒಂದೇ ವ್ಯತ್ಯಾಸ: ಅಪ್ಪ ಬೇಲಿನ ಪಕ್ಕ ನಿಂತಿರ್ತಾನೆ. ಮಗನ ಗ್ರೇಡು ಅವನಿಲ್ಲದ ಮೀಟಿಂಗಲ್ಲಿ ತೀರ್ಮಾನ ಆಗಿರುತ್ತೆ.

ಇಲ್ಲಿಗೆ ಬ್ರಿಟನ್ ಮತ್ತು ಅಮೆರಿಕದ ಇವತ್ತಿನ ವ್ಯತ್ಯಾಸವೂ ಬರುತ್ತೆ. ಬರೀ ಮಾತಿನ ಶೈಲಿ ನೋಡಿದ್ರೆ ತಮಾಷೆಯಾಗಿ ಕಾಣುತ್ತೆ. ಅಮೆರಿಕದ ಬಾಸು ಹೆಸರು ಹಿಡಿದು ಕರೀತಾನೆ, ಚಿಕ್ಕ ಕೆಲಸಕ್ಕೂ ‘ಆಸಮ್’ ಅಂತಾನೆ, ಸಿಟ್ಟು ಬಂದರೂ ಮುಖಕ್ಕೇ ಹೇಳ್ತಾನೆ. ಬ್ರಿಟಿಷ್ ಬಾಸು ‘ನಾಟ್ ಬ್ಯಾಡ್’ ಅಂದ್ರೆ ತುಂಬ ಚೆನ್ನಾಗಿದೆ ಅಂತ ಅರ್ಥ. ‘ಇಂಟರೆಸ್ಟಿಂಗ್’ ಅಂದ್ರೆ ಒಪ್ಪಿಗೆಯಿಲ್ಲ ಅಂತ ಅರ್ಥ ಇರಬಹುದು. ಇದು ನಮಗೆ ಹೊಸದೇನಲ್ಲ. ನಮ್ಮ ಕಡೆ ದೊಡ್ಡೋರು ಫಸ್ಟ್ ಕ್ಲಾಸ್ ಬಂದ್ರೂ ‘ಪರವಾಗಿಲ್ಲ ಕಣ್ಲಾ’ ಅಂತಾರಲ್ಲ, ಹಾಗೆ. ಆ ಲೆಕ್ಕದಲ್ಲಿ ಕೋಟೆ ತಾಲ್ಲೂಕಿನ ಅಜ್ಜಂದಿರೆಲ್ಲ ಬ್ರಿಟಿಷರೇ.

ಆದ್ರೆ ನಿಜವಾದ ವ್ಯತ್ಯಾಸ ಇರೋದು ಕಾನೂನಲ್ಲಿ. ಬ್ರಿಟನ್ನಿನಲ್ಲಿ ವರ್ಷಕ್ಕೆ 5.6 ವಾರ ಸಂಬಳದ ರಜೆ ಕಾನೂನೇ ಕೊಡುತ್ತೆ. ಅಮೆರಿಕದಲ್ಲಿ ಖಾಸಗಿ ಕಂಪನಿ ಸಂಬಳದ ರಜೆ ಕೊಡಲೇಬೇಕು ಅನ್ನೋ ಕೇಂದ್ರ ಕಾನೂನು ಇಲ್ಲ, ಕೊಟ್ಟರೆ ಅದು ಕಂಪನಿಯ ಇಷ್ಟ. ಮೊಂಟಾನಾ ಒಂದನ್ನ ಬಿಟ್ಟು ಅಲ್ಲಿನ ಉಳಿದ ರಾಜ್ಯಗಳಲ್ಲಿ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ರೆ, ಕಾರಣ ಹೇಳದೆ ಕೆಲಸದಿಂದ ತೆಗೀಬಹುದು. ಜನಾಂಗ, ಬಣ್ಣ, ಲಿಂಗದಂಥ ಕಾರಣಕ್ಕೆ ಮಾತ್ರ ತೆಗೆಯೋ ಹಾಗಿಲ್ಲ. ಬ್ರಿಟನ್ನಿನಲ್ಲಿ ಕೆಲಸ ಮಾಡಿದ ವರ್ಷ ಹೆಚ್ಚಿದಂತೆ ನೋಟಿಸಿನ ಅವಧಿಯೂ ಹೆಚ್ಚುತ್ತೆ, 12 ವಾರದವರೆಗೆ. 1999ರ ಕಾಯ್ದೆ ಪ್ರಕಾರ ಶಿಸ್ತಿನ ವಿಚಾರಣೆಗೆ ಕರೆದರೆ ಜೊತೆಗೆ ಒಬ್ಬ ಸಹೋದ್ಯೋಗಿಯನ್ನೋ ಯೂನಿಯನ್ನಿನವರನ್ನೋ ಕರ್ಕೊಂಡು ಹೋಗಬಹುದು. ಅಂದ್ರೆ ಬೇಲಿನ ಪಕ್ಕ ನಿಲ್ಲೋ ಹಕ್ಕು.

ಈ ಹಕ್ಕು ಸಾಹೇಬರ ಒಳ್ಳೆತನದಿಂದ ಬಂದದ್ದಲ್ಲ. ಬ್ರಿಟನ್ನಿನಲ್ಲೇ 1875ರವರೆಗೆ ಒಪ್ಪಂದ ಮುರಿದು ಕೆಲಸ ಬಿಟ್ಟ ಕೂಲಿಯನ್ನ ಜೈಲಿಗೆ ಹಾಕಬಹುದಿತ್ತು. ನಮ್ಮಲ್ಲಿ ಬ್ರಿಟಿಷರು 1859ರಲ್ಲಿ ಅಂಥದ್ದೇ ಕಾಯ್ದೆ ತಂದ್ರು, ಮುಂಗಡ ತಗೊಂಡು ಕೆಲಸಕ್ಕೆ ಬಾರದ ಆಳಿಗೆ ಶಿಕ್ಷೆ. ಅದು ರದ್ದಾದದ್ದು 1925ರಲ್ಲಿ. ಮುಂಗಡ ಪಡೆದು ಕೊಡಗಿನ ಕಾಫಿ ತೋಟಕ್ಕೆ ಹೋಗೋದು ಅಂದ್ರೇನು ಅಂತ ನಮ್ಮ ತಾಲ್ಲೂಕುಗಳ ಹಳೇ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಯೂನಿಯನ್ನು, ಮುಷ್ಕರ, ಚುನಾವಣೆ, ಇವೆಲ್ಲ ಸೇರಿ ಆ ಕಾನೂನನ್ನ ತಿದ್ದಿದವು.

ಹಾಗಾದ್ರೆ ಬೆಂಗಳೂರು? 1946ರ ಒಂದು ಕಾಯ್ದೆ ಇತ್ತು, ಸ್ಥಾಯೀ ಆದೇಶಗಳ ಕಾಯ್ದೆ ಅಂತ. ರಜೆ ಹೇಗೆ, ತಪ್ಪು ಅಂದ್ರೆ ಯಾವುದು, ಶಿಕ್ಷೆಗೆ ಮೊದಲು ನಿಮ್ಮ ಮಾತು ಹೇಗೆ ಕೇಳಬೇಕು, ಇದನ್ನೆಲ್ಲ ಕಂಪನಿ ಬರೆದಿಡಬೇಕು ಅನ್ನುತ್ತಿತ್ತು. ಕರ್ನಾಟಕ ಸರ್ಕಾರ 2014ರಲ್ಲಿ, ಮತ್ತೆ 2019ರಲ್ಲಿ, ಐಟಿ ಕಂಪನಿಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. ಷರತ್ತೂ ಹಾಕಿತ್ತು: ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮದ ಮಾಹಿತಿ ಕಾರ್ಮಿಕ ಇಲಾಖೆಗೆ ಕೊಡಬೇಕು. ನಿಮ್ಮ ಆಫೀಸಿನಲ್ಲಿ ಅಂಥ ಸಮಿತಿ ಇದೆಯಾ? ಅದರಲ್ಲಿ ನಿಮ್ಮ ಕಡೆಯವರು ಯಾರು? ಹೆಸರು ಗೊತ್ತಾ?

ಅಮೆರಿಕನ್ ಕಂಪನಿ ಒಳ್ಳೇದಾ, ಬ್ರಿಟಿಷ್ ಕಂಪನಿ ಒಳ್ಳೇದಾ ಅಂತ ಕೇಳಿದ್ರೆ ನಾನು ಒಂದು ಕಡೆ ಬೆರಳು ತೋರಿಸಲ್ಲ. ಅಮೆರಿಕದವರಿಂದ ಕಲಿಯೋಕೆ ವೇಗ ಇದೆ, ಮನೆತನ ನೋಡದೆ ಕೆಲಸ ನೋಡೋ ಗುಣ ಇದೆ. ಬ್ರಿಟಿಷರಿಂದ ಕಲಿಯೋಕೆ ಬರೆದಿಟ್ಟ ನಿಯಮ, ರಜೆಯ ಮರ್ಯಾದೆ ಇದೆ. ಇಬ್ಬರ ಹತ್ರವೂ ಬೇಡದ ಸರಕೂ ಇದೆ. ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಅಂಕಿ ಜೊತೆ ಇನ್ನು ಮೂರು ವಿಷಯ ನೋಡಿ. ನನ್ನ ಗ್ರೇಡು ಹಾಕೋರು ಯಾರು? ಅದನ್ನ ಹಾಕೋವಾಗ ನನ್ನ ಮಾತು ಕೇಳ್ತಾರಾ? ಒಪ್ಪದಿದ್ರೆ ಬೇಡ ಅನ್ನೋಕೆ, ಮೇಲ್ಮನವಿ ಹಾಕೋಕೆ ದಾರಿ ಇದೆಯಾ?

ಹೊಗೆಸೊಪ್ಪಿನ ರೈತನಿಗೆ ಈ ಮೂರಕ್ಕೆ ಉತ್ತರ ಸಿಗೋಕೆ 1984 ಆಗಬೇಕಾಯ್ತು. ಲ್ಯಾಪ್‌ಟಾಪ್ ಹಿಡಿದ ಅವನ ಮಗಳು ಅಷ್ಟು ಕಾಲ ಕಾಯಬೇಕಿಲ್ಲ. ನಿಮ್ಮ ಆಫೀಸಿನ ಅನುಭವ ಇದ್ರೆ ನಮಗೆ ವಾಯ್ಸ್ ನೋಟ್ ಕಳಿಸಿ, ಕಂಪನಿ ಹೆಸರು ಹೇಳಬೇಕಿಲ್ಲ. ಮುಂದಿನ ವಾರ ಸಿಗೋಣ.